ವೈರಸ್ಸಿಲ್ಲದ ಗಂಟಲು

ಗೆರ್ದೀನಳಿಗೆ ಗಂಡನ ಮೇಲೆ ಸಿಟ್ಟು ಬಂದಿದೆ ಅನ್ನುವುದು ಗೊತ್ತಾದದ್ದು ಕುರ್ಚಿಗಳನ್ನು ಜೋಡಿಸುತ್ತಿದ್ದಾಗ. ಊಟದ ಮೇಜಿನ ಕುರ್ಚಿಗಳು, ಅಡುಗೆಮನೆಯ ಸ್ಟೂಲು, ಪಕ್ಕದ ಮನೆಯಿಂದ ಕೇಳಿ ತಂದ ಮಡಚುವ ಕುರ್ಚಿಗಳು, ಎಲ್ಲವನ್ನೂ ಹುಟ್ಟುಹಬ್ಬಕ್ಕೆ ಹೇಗಿಡಬೇಕೋ ಹಾಗೆ, ಕೂತವರ ಮೊಣಕಾಲು ಎದುರುಬದುರಾಗುವಂತೆ ಸುತ್ತಲೂ ಇಡುತ್ತಾ ಬಂದವಳು ಸೋಫಾವನ್ನು ಮಂಡಿಯಿಂದ ಹಿಂದಕ್ಕೆ ದೂಡಿದಳು, ಬೇಕಾದ್ದಕ್ಕಿಂತ ಎರಡು ಪಟ್ಟು ಜೋರಾಗಿ ದೂಡಿದಳು, ಅದು ಗೋಡೆಗೆ ಬಡಿದ ಸದ್ದಿಗೆ ಮಹಡಿಯಲ್ಲಿ ಮಲಗಿದ್ದ ಗಂಡ ವೀಬೆ ಕೆಮ್ಮಿದ, ಆಗ ಗೊತ್ತಾಯಿತು. ಇಷ್ಟೂ ವರ್ಷ ತನಗೊಬ್ಬಳಿಗೇ ನಿಷ್ಠನಾಗಿದ್ದನಲ್ಲ, ಅದಕ್ಕೆ ಸಿಟ್ಟು. ನೌಕಾಪಡೆಯಲ್ಲಿ ಜೀವಮಾನ ಸವೆಸಿದ ಗಂಡಸು, ಅರ್ಧ ಭೂಮಿಯ ಬಂದರುಗಳಲ್ಲಿ ಇಳಿದು ಹತ್ತಿದವನು, ಒಂದು ಸಲ, ಒಂದೇ ಒಂದು ಸಲ ಎಲ್ಲಾದರೂ ಕಾಲು ಜಾರಬಾರದಿತ್ತೇ. ಈ ಡೆನ್ ಹೆಲ್ಡರ್ ಊರಿನಲ್ಲಿ ಹಡಗಿಗೆ ಹೋದ ಗಂಡಸರ ಹೆಂಡತಿಯರೆಲ್ಲ ಸಹಿಸಿಕೊಂಡದ್ದನ್ನು ತಾನೂ ಸಹಿಸುತ್ತಿದ್ದೆ, ನುಂಗುತ್ತಿದ್ದೆ, ಬಟ್ಟೆ ಒಗೆಯುತ್ತಲೇ ಒಂದಿಷ್ಟು ಅತ್ತು ಮುಗಿಸುತ್ತಿದ್ದೆ. ಆಗ ಇವತ್ತು ಆ ಡಾಕ್ಟರು ಬೇರೆ ಮಾತು ಹೇಳುತ್ತಿದ್ದಳು. ಹೀಗೆಲ್ಲ ಯೋಚಿಸುತ್ತಿರುವುದು ತಾನೇ ಹೌದೇ ಅನ್ನಿಸಿ ಗೆರ್ದೀನ್ ಕೈಯಲ್ಲಿದ್ದ ಕುರ್ಚಿಯ ಮೇಲೇ ಕೂತುಬಿಟ್ಟಳು. ಕಿಟಕಿಯಾಚೆ ಸಮುದ್ರದ ಒಡ್ಡಿನ ಮೇಲೆ ಕುರಿಗಳು ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದವು. ಟೆಕ್ಸೆಲ್ ದ್ವೀಪದ ದೋಣಿ ಹೊರಟಿತ್ತು, ದಿನಾ ಹೊರಡುವ ಹಾಗೆ.

ಬೆಳಿಗ್ಗೆ ಆಮ್‌ಸ್ಟರ್‌ಡ್ಯಾಮಿನ ಆಸ್ಪತ್ರೆಯಲ್ಲಿ ಆ ಡಾಕ್ಟರ ತೋರುಬೆರಳಿಗೆ ಬ್ಯಾಂಡೇಜು ಪಟ್ಟಿ ಇತ್ತು, ಮಕ್ಕಳಿಗೆ ಹಾಕುವಂಥದ್ದು, ಮೇಲೆ ಚಿಕ್ಕ ಚಿಕ್ಕ ಜಿರಾಫೆಗಳು. ಅವಳು ಮಾತಾಡುತ್ತಿದ್ದಷ್ಟು ಹೊತ್ತೂ ಗೆರ್ದೀನ್ ಅದನ್ನೇ ನೋಡುತ್ತಿದ್ದಳು. ಮನೆಯಲ್ಲಿ ಮಗು ಇರಬೇಕು, ಬೆಳಿಗ್ಗೆ ಸೇಬು ಹೆಚ್ಚುವಾಗ ಕೊಯ್ದುಕೊಂಡಿರಬೇಕು. "ವೈರಸ್ ಸಿಗ್ಲಿಲ್ಲ," ಅಂದಳು ಡಾಕ್ಟರು. "ನಿಮ್ಮ ಟಾನ್ಸಿಲ್‌ನಿಂದ ತೆಗೆದ ತುಂಡನ್ನ ಎರಡು ರೀತಿಲಿ ಪರೀಕ್ಷೆ ಮಾಡಿದೀವಿ. ಎರಡರಲ್ಲೂ ಇಲ್ಲ." ಆಮೇಲೆ ಮೊದಲ ದಿನ ಹೇಳಿದ್ದನ್ನೇ ಮತ್ತೆ ನಿಧಾನಕ್ಕೆ ಹೇಳಿದಳು: ಈ ಜಾಗದ ಕ್ಯಾನ್ಸರು ಎರಡು ತರ, ಒಂದನ್ನು ಎಚ್‌ಪಿವಿ ಅನ್ನುವ ವೈರಸ್ಸು ತರುತ್ತದೆ, ಇನ್ನೊಂದನ್ನು ಹೆಚ್ಚಾಗಿ ಹೊಗೆ ಮತ್ತು ಹೆಂಡ, ನೋಡಲು ಒಂದೇ ಥರ ಇದ್ದರೂ ಸ್ವಭಾವ ಬೇರೆ, ವೈರಸ್ಸಿಂದ ಬಂದದ್ದು ರೇಡಿಯೇಷನ್ನಿನ ಕಿರಣಕ್ಕೆ ಬೇಗ ಸೋಲುತ್ತದೆ, ಐದು ವರ್ಷ ಕಳೆದ ಮೇಲೂ ಹತ್ತರಲ್ಲಿ ಎಂಟು ಜನ ಇರುತ್ತಾರೆ. ಇನ್ನೊಂದರಲ್ಲಿ ಎಷ್ಟು ಜನ ಅಂತ ವೀಬೆಯೇ ಕೇಳಿದ. "ಅರ್ಧದಷ್ಟು," ಅಂದಳು, "ತುಂಬಾ ವರ್ಷ ಸಿಗರೇಟು ಸೇದಿದವರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಆದ್ರೆ ನಾವು ಚಿಕಿತ್ಸೆ ಕೊಡೋದು ಗುಣ ಮಾಡೋದಕ್ಕೇ." ವೀಬೆ ತಲೆಯಾಡಿಸಿದ, ಮೇಲಧಿಕಾರಿ ಹವಾಮಾನ ಹೇಳಿದಾಗ ಆಡಿಸುವ ಹಾಗೆ. "ಹಾಗಾದ್ರೆ ಚಿಕಿತ್ಸೆ ಬದಲಾಗುತ್ತಾ?" "ಇಲ್ಲ. ಏಳು ವಾರ ರೇಡಿಯೇಷನ್ನು, ಜತೆಗೆ ಕೀಮೋ. ಎರಡಕ್ಕೂ ಅದೇ." "ಅಲ್ಲಮ್ಮಾ, ಎರಡಕ್ಕೂ ಅದೇ ಅಂದ್ಮೇಲೆ ಹುಡುಕಿದ್ದಾದ್ರೂ ಯಾಕೆ?" ಡಾಕ್ಟರು ಜಿರಾಫೆಯ ಬೆರಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. "ಎಲ್ಲಿ ನಿಂತಿದೀವಿ ಅಂತ ಗೊತ್ತಿರ್ಲಿ ಅಂತ." ಎಲ್ಲಿ ನಿಂತಿದ್ದೇವೆ ಅನ್ನುವುದು ಗೊತ್ತಾಗಿ ಇಬ್ಬರೂ ಲಿಫ್ಟಿನಲ್ಲಿ ನಿಂತರು, ಕೆಳಗಿಳಿದರು, ಕಾರು ಎಲ್ಲಿ ನಿಲ್ಲಿಸಿದ್ದೆವು ಅನ್ನುವುದು ಮಾತ್ರ ಇಬ್ಬರಿಗೂ ಮರೆತುಹೋಗಿತ್ತು.

ಕಾರು ಓಡಿಸಿದ್ದು ಅವನೇ. ಇವತ್ತು ನನ್ನ ಹುಟ್ಟುಹಬ್ಬ, ನಾನೇ ಓಡಿಸ್ತೀನಿ ಅಂದ, ಅದೇನು ಲೆಕ್ಕವೋ. ಕಾಲುವೆಯ ಪಕ್ಕದ ರಸ್ತೆಗೆ ಬಂದ ಮೇಲೆ, "ಇವತ್ತು ಯಾರಿಗೂ ಹೇಳೋದು ಬೇಡ. ಕೇಕ್ ತಿಂದು ಹೋಗ್ಲಿ ಪಾಪ," ಅಂದ. ಬರುವವರಿಗೆಲ್ಲ ಬರಬೇಡಿ ಅನ್ನೋಣ ಅಂತ ಹೋದ ವಾರವೇ ಅವಳು ಹೇಳಿದ್ದಳು. ಅದಕ್ಕೆ ಅವನು, ಸಮುದ್ರದ ಮೇಲೆ ಎಷ್ಟು ಹುಟ್ಟುಹಬ್ಬ ಕಳೆದಿಲ್ಲ ನಾನು, ನೆಲದ ಮೇಲಿರೋವನ್ನ ಬಿಡಲ್ಲ ಅಂದಿದ್ದ. ಸ್ಕಾಗೆನ್ ಸೇತುವೆ ದಾಟುವಾಗ ಅವನ ತುಟಿಯಂಚಿನಲ್ಲಿ ಒಂದು ನಗು ಬಂತು, ಈಗ ಗಂಟಲ ನೋವಿಗೆ ನಗುವೂ ಒಂದು ಕಡೆಗೇ ಎಳೆಯುತ್ತದೆ. "ಏನೇ ಆಗ್ಲಿ ಗೆರ್ದೀನ್, ನಾನು ಅವತ್ತು ಡಾಕ್ಟ್ರ ಹತ್ರ ಸುಳ್ಳು ಹೇಳಿರ್ಲಿಲ್ಲ ಅಂತಾಯ್ತಲ್ಲ." ಹೆಮ್ಮೆ. ಅವನ ದನಿಯಲ್ಲಿ ಇದ್ದದ್ದು ಹೆಮ್ಮೆ, ಶಾಲೆಯಿಂದ ಒಳ್ಳೆಯ ಅಂಕ ತಂದು ತೋರಿಸುವ ಹುಡುಗನ ಹೆಮ್ಮೆ. ಅವಳಿಗೆ ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತ್ತು. ಅದರಿಂದ ಏನೂ ಗೊತ್ತಾಗಲ್ಲ ಮಾರಾಯ, ವೈರಸ್ಸು ಸಿಗದಿದ್ದರೆ ಒಳ್ಳೆಯವನು ಅಂತಲ್ಲ, ಸಿಕ್ಕಿದ್ದರೆ ಕೆಟ್ಟವನು ಅಂತಲೂ ಅಲ್ಲ, ಬಹಳಷ್ಟು ಜನಕ್ಕೆ ಅದು ಒಂದಲ್ಲ ಒಂದು ಕಾಲದಲ್ಲಿ ತಾಗಿ ಹೋಗಿರುತ್ತೆ ಅಂತ ಡಾಕ್ಟರೇ ಬಿಡಿಸಿ ಹೇಳಿದ್ದಳಲ್ಲ, ಅಂತ ಹೇಳಬಹುದಿತ್ತು. ಅವಳು ಕಿಟಕಿಯಾಚೆ ಟ್ಯುಲಿಪ್ ಕೊಯ್ದು ಮುಗಿದ ಬೋಳು ಹೊಲ ನೋಡುತ್ತಾ, "ಆಯ್ತಲ್ಲ," ಅಂದಳು.

ಅವತ್ತು, ಅಂದರೆ ಮೊದಲ ಸಲ ಹೋದಾಗ, ಡಾಕ್ಟರು ಕಂಪ್ಯೂಟರಿನ ಮೇಲೆ ಕೈಯಿಟ್ಟುಕೊಂಡು ಕೇಳಿದ್ದಳು: ಜೀವನದಲ್ಲಿ ಎಷ್ಟು ಜನರ ಜತೆ ಸಂಬಂಧ ಇತ್ತು, ಹೇಳಲೇಬೇಕು ಅಂತಿಲ್ಲ, ಅಂದಾಜು ಸಾಕು. ವೀಬೆ ತನ್ನ ಬೂಟು ನೋಡಿಕೊಂಡು "ಒಬ್ಬಳು" ಅಂದ. ಡಾಕ್ಟರ ಹುಬ್ಬು ಸ್ವಲ್ಪವೇ ಸ್ವಲ್ಪ ಮೇಲೆ ಹೋಯಿತು, ನೌಕಾಪಡೆ ಅಂತ ಆಗತಾನೇ ಬರೆದುಕೊಂಡಿದ್ದಳಲ್ಲ, ಆದರೂ ಒಂದು ಅಂತಲೇ ಒತ್ತಿದಳು, ಒಂದೇ ಸದ್ದು, ಟಕ್. ಗೆರ್ದೀನಳನ್ನು ಯಾರೂ ಕೇಳಲಿಲ್ಲ. ಅವಳು ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಅದರ ಕೊಂಡಿ ತೆಗೆದು ಹಾಕುತ್ತಾ ಕೂತಿದ್ದಳು, ಕೇಳಿದ್ದರೆ ಹೇಳುತ್ತಿದ್ದಳೋ ಇಲ್ಲವೋ ಈಗಲೂ ಗೊತ್ತಿಲ್ಲ, ಆದರೆ ಅವಳ ಬಾಯೊಳಗೆ ಬೇರೆ ಸಂಖ್ಯೆ ಇತ್ತು. ಇಬ್ಬರು. ಮಗಳು ಮಿರ್ಥೆ ಮೂರು ವರ್ಷದವಳಿದ್ದ ಚಳಿಗಾಲ, ವೀಬೆ ಕೆರಿಬಿಯನ್ ಕಡೆ ಹೋಗಿ ತಿಂಗಳುಗಟ್ಟಲೆ ಆಗಿತ್ತು, ಒಡ್ಡು ಎತ್ತರಿಸುವ ಕೆಲಸಕ್ಕೆ ಬಂದ ಸರ್ವೆಯವನೊಬ್ಬ ಬೀದಿ ಕೊನೆಯಲ್ಲಿ ರೂಮು ಮಾಡಿಕೊಂಡಿದ್ದ, ರೂರ್ದ್ ಅಂತ, ಅವನ ಮೈಗೆ ಹಸಿ ಜೇಡಿಮಣ್ಣಿನ ವಾಸನೆ. ಪ್ರೀತಿ ಅಂತ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಗಾಳಿ ಬೀಸುತ್ತಿತ್ತು, ಮಗು ಮಲಗಿರುತ್ತಿತ್ತು, ಅವನು ಬರುತ್ತಿದ್ದ, ಅಷ್ಟೇ. ಕೆಲಸ ಮುಗಿದ ಮೇಲೆ ಹೋದ. ಆಮೇಲೆ ವೀಬೆ ಬಂದ, ಸುಟ್ಟ ಮೂಗು, ಮಗಳಿಗೆ ಮರದ ಗಿಣಿ, ಅವಳಿಗೆ ಎಂಥದೋ ಸರ. ಅವನು ಬಾಗಿಲಲ್ಲೇ ಅವಳ ಕುತ್ತಿಗೆಗೆ ಮುಖ ಹುದುಗಿಸಿ ಉಸಿರೆಳೆದಾಗ ಅವಳಿಗೆ, ಮಣ್ಣಿನ ವಾಸನೆ ಇನ್ನೂ ಇದೆಯೇನೋ ಅನ್ನಿಸಿತ್ತು. ಅಂದಿನಿಂದ ಅದನ್ನು ಹೊತ್ತುಕೊಂಡೇ ಇದ್ದಳು. ಯಾರಾದರೂ ಅವಳನ್ನು ಒಳ್ಳೆಯವಳು ಅಂದರೆ ಕಿವಿ ಬಿಸಿಯಾಗುತ್ತಿತ್ತು.

ಆ ಡಾಕ್ಟರು ವೈರಸ್ಸಿನ ವಿಷಯ ಹೇಳಿದ ಕ್ಷಣದಿಂದ ಆ ಭಾರ ಮಗುಚಿ ಬಿದ್ದಿತ್ತು. ಆ ವೈರಸ್ಸು ಒಳಗೆ ಕೂತು ವರ್ಷಾನುಗಟ್ಟಲೆ ಕಾಯಬಲ್ಲದು ಅಂದಿದ್ದಳು ಅವಳು, ಇಪ್ಪತ್ತು ಮೂವತ್ತು ವರ್ಷ, ಯಾರಿಂದ ಯಾವಾಗ ಬಂತು ಅಂತ ಹೇಳಲು ಆಗುವುದೇ ಇಲ್ಲ. ಹಾಗಾದರೆ ರೂರ್ದನಿಂದ ತನಗೆ, ತನ್ನಿಂದ ವೀಬೆಗೆ. ಯಾಕಾಗಬಾರದು? ಫಲಿತಾಂಶಕ್ಕೆ ಕಾಯುತ್ತಿದ್ದ ಅಷ್ಟೂ ದಿನ ಅವಳು ದೇವರ ಮುಂದೆ ಅಂತೇನೂ ಕೂರಲಿಲ್ಲ, ಅವಳಿಗೆ ಆ ಅಭ್ಯಾಸವಿಲ್ಲ, ಆದರೆ ಆಲೂಗಡ್ಡೆ ಸುಲಿಯುವಾಗ, ತಾನು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಗಿರಾಕಿಯ ಮೂಗಿಗೆ ಫ್ರೇಮು ಹೊಂದಿಸುವಾಗ, ಒಳಗೊಳಗೇ ಬೇಡುತ್ತಿದ್ದಳು: ಅದು ಇರಲಿ. ನನ್ನಿಂದ ಹೋಗಿರಲಿ. ಆ ಚಳಿಗಾಲದಲ್ಲಿ ನಾನು ಮಾಡಿದ್ದು ಇವನನ್ನು ಉಳಿಸಲಿ. ಮತ್ತೆ ಹೊಟ್ಟೆಯೊಳಗೊಂದು ನಾಚಿಕೆಗೆಟ್ಟ ಸಂತೋಷ ಏಳುತ್ತಿತ್ತು, ಅಂದರೆ ಆ ತಪ್ಪಿಗೂ ಒಂದು ಕೆಲಸವಿತ್ತು ಅಂತ. ತನ್ನೊಬ್ಬಳ ಮೇಲೆ ಭಾರ ಹಾಕಿದರೆ ಸಾಲದು ಅನ್ನಿಸಿ ವೀಬೆಯೂ ಎಲ್ಲಾದರೂ ಕಾಲು ಜಾರಿರಲಿ ಅಂತ ಆಸೆ ಇಟ್ಟಳು. ಬುಧವಾರದ ಮೀನಿನಂಗಡಿ ಮುಂದೆ ಕೋಬಸ್ ಸಿಕ್ಕಿದ, ವೀಬೆಯ ಜತೆ ಒಂದೇ ಹಡಗುಗಳಲ್ಲಿ ಹೋಗಿಬಂದವನು, ಎಂಜಿನ್ ಕೋಣೆಯವನು, ಈಗಲೂ ಕಿವುಡರ ಜತೆ ಮಾತಾಡುವ ಹಾಗೆ ಕೂಗಿಯೇ ಮಾತಾಡುತ್ತಾನೆ. ಅವನನ್ನು ಅಂಗಡಿಯ ಹಿಂದಕ್ಕೆ ಕರೆದು ಕೇಳಿದಳು. "ಕೋಬಸ್, ನಿಜ ಹೇಳು. ಬಂದರಲ್ಲಿ ಇಳಿದಾಗ ವೀಬೆ... ನೀವೆಲ್ಲ ಹೋಗ್ತಿದ್ರಲ್ಲ, ಆ ಮನೆಗಳಿಗೆ. ಅವನೂ ಬರ್ತಿದ್ನಾ?"

ಕೋಬಸನ ಮುಖ ಕೆಂಪೇರಿತು. ಕೈಯಲ್ಲಿದ್ದ ಹೆರಿಂಗ್ ಮೀನಿನಿಂದ ಈರುಳ್ಳಿ ಉದುರಿತು. "ಏನಮ್ಮಾ ಕೇಳ್ತಿದೀಯ ನೀನು? ಈ ವಯಸ್ಸಲ್ಲಿ? ಅದೂ ಅವನಿಗೆ ಹಿಂಗಾಗಿರೋವಾಗ?"

"ಹೇಳು ಸುಮ್ನೆ. ನಂಗೆ ಬೇಜಾರಾಗಲ್ಲ."

"ಬೇಜಾರಾಗೋಕೆ ಏನಾದ್ರೂ ಇದ್ರೆ ತಾನೆ! ನಮ್ಮಮ್ಮನಾಣೆ ಗೆರ್ದೀನ್, ಒಂದ್ ದಿನಾನೂ ಇಲ್ಲ. ನಾವು ಕರೀತಿದ್ವಿ, ಬೈತಿದ್ವಿ, ಪಾದ್ರಿ ಅಂತ ಹೆಸರಿಟ್ಟಿದ್ವಿ. ಅವನು ಡೆಕ್ ಮೇಲೆ ಕೂತು ಸಿಗರೇಟ್ ಮೇಲೆ ಸಿಗರೇಟ್ ಸೇದ್ಕೊಂಡು ನಿಂಗೆ ಕಾರ್ಡ್ ಬರೀತಿದ್ದ. ಬೇಕಾದ್ರೆ ನನ್ನ ಮಕ್ಕಳ ಮೇಲೆ ಆಣೆ ಮಾಡ್ತೀನಿ."

"ಬೇಡ," ಅಂದಳು ಅವಳು, "ಬೇಡ ಕೋಬಸ್, ಸಾಕು." ಆದರೆ ಅವನು ನಿಲ್ಲಲಿಲ್ಲ. ಗೆಳೆಯನ ಮಾನ ಉಳಿಸುವ ಆವೇಶದಲ್ಲಿ ಒಂದೊಂದೇ ಬಂದರಿನ ಹೆಸರು ಹೇಳಿ ಆಣೆ ಹಾಕುತ್ತಾ ಹೋದ, ಅಲ್ಲೂ ಇಲ್ಲ, ಅಲ್ಲೂ ಇಲ್ಲ, ಅಲ್ಲಂತೂ ಮಲೇರಿಯಾ ಬಂದು ಮಲಗಿದ್ದ. ಒಂದೊಂದು ಆಣೆಗೂ ಅವಳೊಳಗೆ ಏನೋ ಮುಚ್ಚಿಕೊಳ್ಳುತ್ತಿತ್ತು. ಗಂಡ ಎಲ್ಲೂ ಕಾಲು ಜಾರಿಲ್ಲ ಅಂತ ತಿಳಿದು ಯಾವ ಹೆಂಡತಿ ಹೀಗೆ ಕಣ್ಣೀರು ಹಾಕಿದ್ದಾಳೆ? ಕೋಬಸ್ ಅದನ್ನು ಸಮಾಧಾನದ ಕಣ್ಣೀರು ಅಂದುಕೊಂಡು ಎಣ್ಣೆಗೈಯಲ್ಲೇ ಬೆನ್ನು ತಟ್ಟಿದ, ಕೋಟಿನ ಮೇಲಿನ ಆ ಕಲೆ ಇನ್ನೂ ಹೋಗಿಲ್ಲ.

ಮೂರು ಗಂಟೆಗೆ ಬಾಗಿಲ ಗಂಟೆ ಶುರುವಾಯಿತು. ಒಬ್ಬೊಬ್ಬರಾಗಿ ಬಂದರು, ಬಂದವರು ಮೊದಲು ವೀಬೆಯ ಕೈ ಕುಲುಕಿ, ಆಮೇಲೆ ಕುರ್ಚಿಗಳ ಸುತ್ತ ಎಲ್ಲರನ್ನೂ ಮುಟ್ಟುತ್ತಾ ಬಂದು ಅವಳ ಕೆನ್ನೆಗೆ ಮೂರು ಮುತ್ತು ಕೊಟ್ಟು, ಗಂಡನಿಗೆ ಹುಟ್ಟುಹಬ್ಬ, ನಿನಗೆ ಅಭಿನಂದನೆ, ಮಗಳಿಗೆ, ಅಪ್ಪನ ಹುಟ್ಟುಹಬ್ಬ, ನಿನಗೆ ಅಭಿನಂದನೆ, ಅಕ್ಕನಿಗೆ, ತಮ್ಮನ ಹುಟ್ಟುಹಬ್ಬ, ನಿನಗೆ ಅಭಿನಂದನೆ ಅಂದರು. ಇಲ್ಲಿ ಯಾರ ಹುಟ್ಟುಹಬ್ಬವಾದರೂ ಅದರಲ್ಲಿ ಎಲ್ಲರ ಪಾಲೂ ಇರುತ್ತದೆ, ಹುಟ್ಟಿದಾಗಿನಿಂದ ಕೇಳಿದ ಮಾತು, ಇವತ್ತು ಮಾತ್ರ ಒಂದೊಂದು ಅಭಿನಂದನೆಯನ್ನೂ ಅವಳು ಬಿಸಿ ಪಾತ್ರೆ ಹಿಡಿದ ಹಾಗೆ ತುದಿಬೆರಳಲ್ಲಿ ಹಿಡಿದಳು. ಪಕ್ಕದ ಮನೆಯವರು ಬಂದರು, ಕೋಬಸ್ ಬಂದ, ವೀಬೆಯ ಅಕ್ಕ ಆಲಿ ಕುಂಡದಲ್ಲಿ ಒಂದು ಗಿಡ ಹೊತ್ತು ಬಂದಳು. ಮಿರ್ಥೆ ಕೆಲಸದಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದಳು, ಬಂದವಳೇ ಅಮ್ಮನ ಕಿವಿಯಲ್ಲಿ "ರಿಸಲ್ಟ್ ಬಂತಾ?" ಅಂದಳು. "ಆಮೇಲೆ," ಅಂದಳು ಗೆರ್ದೀನ್. ಸೇಬಿನ ಟಾರ್ಟು ಕೊಯ್ದು ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟಳು. ವೀಬೆ ತನ್ನ ತುಂಡನ್ನು ಫೋರ್ಕಿನಿಂದ ಪುಡಿ ಮಾಡುತ್ತಾ ತಿನ್ನುವವನ ಹಾಗೆ ಕಾಣಿಸುತ್ತಿದ್ದ. ಹಿಂದಿನ ಹಲ್ಲುಗಳನ್ನು ರೇಡಿಯೇಷನ್ನು ಶುರುವಾಗುವ ಮುಂಚೆಯೇ ಆಗಬೇಕು ಅಂತ ಕಿತ್ತು ಹಾಕಿದ್ದರು, ಕೆನ್ನೆ ಒಳಕ್ಕೆ ಹೋಗಿತ್ತು, ಕುತ್ತಿಗೆಯ ಗಂಟು ಕಾಣದಿರಲಿ ಅಂತ ಕಾಲರ್ ಎತ್ತಿದ್ದ. ಎಲ್ಲರೂ ಅದರ ಹೊರತು ಬೇರೆಲ್ಲದರ ಬಗ್ಗೆ ಮಾತಾಡಿದರು, ದೋಣಿಯ ಟಿಕೆಟ್ಟು, ಪಕ್ಕದವರ ಮೊಣಕಾಲಿನ ಆಪರೇಷನ್ನು, ಈ ಸಲದ ಗಾಳಿ. ಮಾತು ನಿಂತಾಗೆಲ್ಲ ಚಮಚಗಳ ಸದ್ದು ಕೇಳುತ್ತಿತ್ತು.

ಅಂಥದ್ದೇ ಒಂದು ನಿಶ್ಶಬ್ದದಲ್ಲಿ ಆಲಿ ತಟ್ಟೆಯನ್ನು ಮೊಣಕಾಲ ಮೇಲಿಟ್ಟು ಗಂಟಲು ಸರಿಮಾಡಿಕೊಂಡಳು. "ನಾನು ಡೆಂಟಿಸ್ಟ್ ಹತ್ರ ಕಾಯ್ತಾ ಒಂದು ಮ್ಯಾಗಜೀನ್ ಓದಿದೆ ಕಣೋ ವೀಬೆ. ಈ ಗಂಟಲಿಂದು ಎರಡು ಥರ ಇರುತ್ತಂತೆ. ಒಂದು ಒಳ್ಳೇದು, ಒಂದು ಕೆಟ್ಟದ್ದು. ವೈರಸ್ ಇರೋದು ಒಳ್ಳೇದಂತೆ, ನಂಗೇ ಆಶ್ಚರ್ಯ ಆಯ್ತು. ನಿಂದು ಯಾವ್ದೋ?"

"ಅತ್ತೇ!" ಅಂದಳು ಮಿರ್ಥೆ.

"ಏನೇ ಅತ್ತೆ? ಕೇಳಬಾರ್ದಾ? ನನ್ನ ತಮ್ಮ ಅವನು. ಎಲ್ಲಾರೂ ಹವಾಮಾನ ಮಾತಾಡ್ಕೊಂಡು ಕೂತಿದೀರ."

ಸುತ್ತಲೂ ಕೂತವರ ಮೊಣಕಾಲುಗಳೆಲ್ಲ ವೀಬೆಯ ಕಡೆಗೇ ತಿರುಗಿದ್ದವು. ಗೆರ್ದೀನ್ ಮಗಳನ್ನು ನೋಡಿದಳು. ಮಿರ್ಥೆಯ ಮುಖದಲ್ಲಿ ಅತ್ತೆಯ ಮೇಲಿನ ಸಿಟ್ಟಿನ ಅಡಿಯಲ್ಲಿ ಬೇರೇನೋ ಇತ್ತು, ಅವಳೂ ಓದಿದ್ದಾಳೆ, ಅವಳೂ ಈ ಎರಡು ವಾರ ಅದನ್ನೇ ಬೇಡಿದ್ದಾಳೆ, ಬಾಯಿ ಸ್ವಲ್ಪ ತೆರೆದಿದೆ, ಮೂರು ವರ್ಷದವಳಿದ್ದಾಗ ಅಪ್ಪನ ಹಡಗು ಬರುವುದನ್ನು ನೋಡುತ್ತಾ ತೆರೆಯುತ್ತಿದ್ದ ಹಾಗೆ. ವೀಬೆಯೂ ಅದನ್ನೇ ನೋಡುತ್ತಿದ್ದ. ನೋಡುತ್ತಾ ನೋಡುತ್ತಾ ಫೋರ್ಕನ್ನು ತಟ್ಟೆಯ ಅಂಚಿಗೆ ಇಟ್ಟ.

"ಒಳ್ಳೇದು," ಅಂದ. ದನಿ ಒಡೆದದ್ದಕ್ಕೆ ಇನ್ನೊಂದು ಸಲ ಹೇಳಿದ. "ಒಳ್ಳೇದೇ. ಬೆಳಿಗ್ಗೆ ಹೇಳಿದ್ರು. ವೈರಸ್ ಇದೆ."

ಮಿರ್ಥೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಪಕ್ಕದ ಮನೆಯವರು ಒಟ್ಟಿಗೇ ಮಾತಾಡತೊಡಗಿದರು, ಹಾಗಾದ್ರೆ ನಿಜವಾಗ್ಲೂ ಅಭಿನಂದನೆ ಅಂದರು. ಗೆರ್ದೀನಳ ಕೈಯಲ್ಲಿದ್ದ ಕಾಫಿಯ ಹೂಜಿ ಭಾರವಾಯಿತು. ಆಲಿ ಮಾತ್ರ ಎರಡು ಸಲ ಕಣ್ಣು ಮಿಟುಕಿಸಿದಳು, ಓದಿದ್ದರ ಉಳಿದರ್ಧ ಈಗ ನೆನಪಿಗೆ ಬರುತ್ತಿತ್ತು. "ಆದ್ರೆ... ಅದು ಹೆಂಗೆ ಬರುತ್ತೆ ಅಂತಾನೂ ಬರ್ದಿದ್ರಲ್ಲೋ ಅದ್ರಲ್ಲಿ."

"ಏಯ್, ಸಾಧ್ಯವೇ ಇಲ್ಲ!" ಕೋಬಸ್ ಕೂಗಿದ. "ಇವನಾ? ಇವನು ಯಾವತ್ತೂ..."

"ಲಿಸ್ಬನ್," ಅಂದ ವೀಬೆ. ಕೋಬಸನ ಕಡೆ ತಿರುಗಿ, ಕಣ್ಣು ಕದಲಿಸದೆ. "ಲಿಸ್ಬನ್ ಕೋಬಸ್. ನೀನೂ ಇದ್ಯಲ್ಲೋ. ಮರೆತ್ಯಾ?"

ಕೋಬಸನ ಬಾಯಿ ತೆರೆದೇ ಇತ್ತು. ಅವನು ವೀಬೆಯನ್ನು ನೋಡಿದ, ಗೆರ್ದೀನಳನ್ನು ನೋಡಿದ, ಮೀನಂಗಡಿಯ ಹಿಂದೆ ತಾನು ಹಾಕಿದ ಆಣೆಗಳೆಲ್ಲ ಅವನ ಮುಖದ ಮೇಲೆ ಒಂದೊಂದಾಗಿ ಹಾದುಹೋದದ್ದು ಅವಳಿಗೆ ಕಂಡಿತು. ಎಂಜಿನ್ ಕೋಣೆಯಲ್ಲಿ ಕಿವಿ ಕೇಳದ ಜಾಗದಲ್ಲಿ ಕಣ್ಣಲ್ಲೇ ಮಾತಾಡಿ ಜೀವ ಉಳಿಸಿಕೊಂಡವರು ಅವರು. "ಲಿಸ್ಬನ್," ಅಂದ ಕೊನೆಗೆ, ಜೋರಾಗಿ, ತೀರಾ ಜೋರಾಗಿ. "ಅಯ್ಯೋ ಹೌದಲ್ಲ! ಹಸಿರು ಬಾಗಿಲಿನ ಮನೆ. ಮಳೆ ಬೇರೆ. ನಾನು ನಾಯಿ ಥರ ಹೊರಗೆ ಕಾಯ್ತಿದ್ದೆ, ಈ ಬಡ್ಡಿಮಗ ಹೊರಗೇ ಬರ್ಲಿಲ್ಲ!" ನಕ್ಕ. ಒಂದಿಬ್ಬರು ಅವನ ಜತೆ ನಕ್ಕರು, ಆಮೇಲೆ ಗೆರ್ದೀನಳ ನೆನಪಾಗಿ ನಗು ನಿಲ್ಲಿಸಿದರು.

ಎಲ್ಲರೂ ಈಗ ಅವಳನ್ನು ನೋಡುತ್ತಿದ್ದರು. ಎಷ್ಟು ಮೆತ್ತಗೆ ನೋಡುತ್ತಿದ್ದರು. ಆಲಿ ಕುರ್ಚಿಯಿಂದ ಬಾಗಿ ಅವಳ ಮುಂಗೈ ಅದುಮಿದಳು, ಹೆಂಗಸು ಹೆಂಗಸಿನ ಕೈ ಅದುಮುವ ಹಾಗೆ, ಪಾಪ ಕಣೇ ನೀನು ಅನ್ನುವ ಹಾಗೆ. ಮೋಸ ಹೋದ ಹೆಂಡತಿಗೆ ಸಲ್ಲುವ ಆ ಕನಿಕರ ಅವಳ ತೋಳಿನುದ್ದಕ್ಕೂ ಏರಿ ಬಂತು, ಬೆಚ್ಚಗೆ, ಸಿಹಿಯಾಗಿ, ಪೂರ್ತಿ ತಪ್ಪು ವಿಳಾಸಕ್ಕೆ. ಇದು ವೀಬೆಗೆ ಸಲ್ಲಬೇಕಾದದ್ದು. ಈ ಸುತ್ತಿನ ಮಧ್ಯೆ ಎದ್ದು ನಿಂತು ಹೇಳಿಬಿಡಬಹುದು, ಲಿಸ್ಬನ್ ಅಲ್ಲ, ಇಲ್ಲೇ, ಈ ಬೀದಿಯ ಕೊನೆಯಲ್ಲಿ, ಮತ್ತು ವೈರಸ್ಸೂ ಇಲ್ಲ, ಏನೂ ಇಲ್ಲ, ಇವನು ಒಬ್ಬಳ ಜತೆಗೇ ಬಾಳಿ ಬರೀ ಹೊಗೆ ಕುಡಿದವನು, ಇವನ ಪಾಲಿಗೆ ಅರ್ಧಕ್ಕಿಂತ ಕಡಿಮೆ ಉಳಿದಿದೆ. ವೀಬೆ ಅವಳನ್ನು ನೋಡಲಿಲ್ಲ. ಕಾಲರಿನ ಮೇಲೆ ಕಂಡ ಕಿವಿ ಮಾತ್ರ ಕೆಂಪಾಗಿತ್ತು, ಅವನು ಕಾಯುತ್ತಿದ್ದ. "ನಂಗೆ ಗೊತ್ತಿತ್ತು," ಅಂದಳು ಗೆರ್ದೀನ್. ತನ್ನ ದನಿ ಇಷ್ಟು ಸಲೀಸಾಗಿ ಬರುತ್ತದೆ ಅಂತ ಅವಳಿಗೇ ಗೊತ್ತಿರಲಿಲ್ಲ. "ಎಂದೋ ಮುಗಿದ ಕತೆ ಅದು. ಯಾರಿಗೆ ಇನ್ನೊಂದು ಕಪ್ ಕಾಫಿ?"

ಮಿರ್ಥೆ ಎದ್ದು ಅಡುಗೆಮನೆಗೆ ಹೋದಳು. ಗೆರ್ದೀನ್ ಖಾಲಿ ಹೂಜಿಯ ನೆಪದಲ್ಲಿ ಹಿಂದೆ ಹೋದಾಗ ಅವಳು ಸಿಂಕಿಗೆ ಆತು ನಿಂತಿದ್ದಳು, ಕಣ್ಣೀರು ಒರೆಸಿಕೊಂಡದ್ದರಿಂದ ಕಾಡಿಗೆ ಕಿವಿಯ ತನಕ ಎಳೆದಿತ್ತು.

"ನಿಂಗೆ ಯಾವಾಗ ಗೊತ್ತಾಗಿದ್ದು?"

"ಹಳೇದು ಬಿಡೇ."

"ಹೆಂಗಮ್ಮಾ ಬಿಡೋದು? ನಾವಿಬ್ರೂ ಇಲ್ಲಿ ಬಂದರಲ್ಲಿ ಚಳೀಲಿ ನಿಂತು ಕಾಯ್ತಿದ್ವಿ. ಅವರು ಅಲ್ಲಿ ಹಸಿರು ಬಾಗಿಲೊಳಗೆ. ನನ್ನ ಮೇಲೇ ನಂಗೆ ಅಸಹ್ಯ ಆಗ್ತಿದೆ, ವೈರಸ್ ಇದೆ ಅಂದ ತಕ್ಷಣ ಎಷ್ಟು ಖುಷಿಯಾಯ್ತು ಗೊತ್ತಾ, ಕುಣೀಬೇಕು ಅನ್ನಿಸ್ತು, ಆಮೇಲೆ ಅರ್ಥ ಆಯ್ತು ಏನು ಕೇಳಿಸ್ಕೊಂಡೆ ಅಂತ. ನೀನು ಹೆಂಗೆ ಅವರ ಪಕ್ಕ ಕೂರ್ತೀಯ? ಜೀವಮಾನ ಪೂರ್ತಿ ಒಂದೂ ತಪ್ಪು ಮಾಡ್ದೆ ಇರೋಳು ನೀನು."

ಗೆರ್ದೀನ್ ಹೂಜಿಯನ್ನು ನಲ್ಲಿಯ ಕೆಳಗೆ ಹಿಡಿದಳು. ನೀರು ತುಂಬಿ ಹರಿಯುತ್ತಿದ್ದರೂ ಹಿಡಿದೇ ಇದ್ದಳು. ಕಿವಿ ಬಿಸಿಯಾಗಿತ್ತು. ಹೇಳಬಹುದು. ಹೇಳಿದರೆ ಮಗಳ ಸಿಟ್ಟು ಇತ್ತ ತಿರುಗುತ್ತದೆ, ಅದು ನ್ಯಾಯ. ಆದರೆ ಅಪ್ಪನ ಮೇಲಿನ ಸಿಟ್ಟು ಇಳಿದ ಜಾಗದಲ್ಲಿ ಏನು ಬಂದು ಕೂರುತ್ತದೆ ಅನ್ನುವುದೂ ಅವಳಿಗೆ ಗೊತ್ತು, ಆ ಭಯ ಈ ಎರಡು ವಾರ ತನ್ನ ಎದೆಯ ಮೇಲೇ ಕೂತಿದೆ. ವೀಬೆ ಅದನ್ನೇ ತಡೆದದ್ದು. ಸಾಯುವವನ ಮೇಲೆ ಯಾರೂ ಹೀಗೆ ಕಾಡಿಗೆ ಒರೆಸಿಕೊಂಡು ಸಿಟ್ಟಾಗುವುದಿಲ್ಲ.

"ನಾನು ಈಗ ಹೋಗ್ತೀನಿ," ಅಂದಳು ಮಿರ್ಥೆ. "ಅವರಿಗೆ ಮುತ್ತು ಕೊಡಲ್ಲ. ಒಂದು ವರ್ಷ ಸಿಟ್ಟಾಗಿರ್ತೀನಿ, ಆಮೇಲೆ ಕ್ಷಮಿಸ್ತೀನಿ. ಟೈಮ್ ಇದೆ ತಾನೆ ಅಮ್ಮಾ? ಈ ಥರದ್ದಾದ್ರೆ ಟೈಮ್ ಇರುತ್ತೆ ಅಲ್ವಾ?"

"ಇದೆ," ಅಂದಳು ಗೆರ್ದೀನ್. ನಲ್ಲಿ ನಿಲ್ಲಿಸಿದಳು. "ಬೇಕಾದಷ್ಟಿದೆ. ಆದ್ರೆ ವರ್ಷ ಎಲ್ಲಾ ಬೇಡ ಕಣೇ. ಸ್ವಲ್ಪ ಬೇಗ ಮುಗಿಸು."

ಮುಂಬಾಗಿಲು ಬಡಿದ ಸದ್ದಿಗೆ ಒಳಗೆ ಮಾತು ನಿಂತಿತು. ಆಮೇಲೆ ಹೆಚ್ಚು ಹೊತ್ತು ಯಾರೂ ಕೂರಲಿಲ್ಲ. ಚೀಸಿನ ತುಂಡುಗಳನ್ನು ಬೇಗ ಬೇಗ ಸಾಸಿವೆ ಗೊಜ್ಜಿಗೆ ಅದ್ದಿ ತಿಂದು ಎದ್ದರು. ಕೋಬಸ್ ಕೊನೆಯವನಾಗಿ ಹೊರಟ. ಹೊರಬಾಗಿಲ ಬಳಿ ಕೋಟಿನ ತೋಳು ಹುಡುಕುತ್ತಾ, ಮೊದಲ ಸಲ ಪಿಸುದನಿಯಲ್ಲಿ ಮಾತಾಡಿದ. "ಅವತ್ತು ನೀನು ಕೇಳಿದ್ದು ಇದಕ್ಕಾ? ನಂಗೆ ಹೊಳೀಲೇ ಇಲ್ಲ ನೋಡು, ದಡ್ಡ ನಾನು. ಹೊಳೆದಿದ್ರೆ ಅವತ್ತೇ ಹೇಳ್ತಿದ್ದೆ, ಹೋಗ್ತಿದ್ದ ಕಣಮ್ಮಾ, ಎಲ್ಲಾ ಬಂದರಲ್ಲೂ ಹೋಗ್ತಿದ್ದ ಅಂತ." ಅವನ ಮೂಗು ಸೋರುತ್ತಿತ್ತು. ಅವಳು ಅವನ ಕಾಲರ್ ಸರಿ ಮಾಡಿ ಕಳಿಸಿದಳು.

ಒಳಗೆ ವೀಬೆ ಖಾಲಿ ಕುರ್ಚಿಗಳ ಸುತ್ತಿನಲ್ಲಿ ತನ್ನ ಜಾಗದಲ್ಲೇ ಕೂತಿದ್ದ. ಅಷ್ಟೂ ಕುರ್ಚಿಗಳು ಅವನನ್ನೇ ನೋಡುತ್ತಿದ್ದವು. ಸಂಜೆಯ ಬಿಸಿಲು ಒಡ್ಡಿನ ಮೇಲಿಂದ ಓರೆಯಾಗಿ ಬಂದು ಟಾರ್ಟಿನ ಪುಡಿಯ ಮೇಲೆ ಬಿದ್ದಿತ್ತು. ಅವಳು ಅವನ ಪಕ್ಕ ಕೂತಳು.

"ಸಿಟ್ಟು ಬಂತಾ ಅವಳಿಗೆ?"

"ಬಂತು."

"ತುಂಬಾನಾ?"

"ಒಂದು ವರ್ಷಕ್ಕಾಗೋಷ್ಟು ಅಂದ್ಲು."

"ಒಂದು ವರ್ಷ," ಅಂದ ವೀಬೆ. ನುಂಗಲು ಕಷ್ಟವಾಗುವವನು ಮೆತ್ತನೆಯದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕೂರುವ ಹಾಗೆ ಆ ಮಾತನ್ನು ಇಟ್ಟುಕೊಂಡು ಕೂತ. ಗೆರ್ದೀನಳಿಗೆ ಈಗಲ್ಲದಿದ್ದರೆ ಇನ್ನು ಯಾವತ್ತೂ ಇಲ್ಲ ಅನ್ನಿಸಿತು, ಇವನು ಮಾಡದ್ದನ್ನು ಮಾಡಿದೆ ಅಂದ ದಿನವೇ ತಾನು ಮಾಡಿದ್ದನ್ನು ಹೇಳದಿದ್ದರೆ. "ವೀಬೆ, ಕೇಳು. ನೀನು ಕೆರಿಬಿಯನ್‌ಗೆ ಹೋಗಿದ್ಯಲ್ಲ, ಆ ಚಳಿಗಾಲ, ನಾನು..."

ಅವನು ಕೈಯೆತ್ತಿದ. ಹಡಗುಕಟ್ಟೆಯಲ್ಲಿ ಹಗ್ಗ ಎಳೆಯುವವರಿಗೆ ಸಾಕು ನಿಲ್ಲಿಸಿ ಅನ್ನುವ ಹಾಗೆ, ಅಂಗೈ ಮುಂದಾಗಿ. ಅವಳ ಮುಖ ನೋಡಲಿಲ್ಲ, ಎದುರಿನ ಕುರ್ಚಿಗಳನ್ನೇ ನೋಡುತ್ತಿದ್ದ. "ಇವತ್ತು ಬೇಡ ಗೆರ್ದೀನ್. ಇವತ್ತು ನನ್ನ ಹುಟ್ಟುಹಬ್ಬ. ಇವತ್ತಿನ ತಪ್ಪೆಲ್ಲಾ ನಂದೇ ಆಗಿರ್ಲಿ."

ಗೊತ್ತಿದ್ದು ಅಂದನೋ, ಗೊತ್ತಿಲ್ಲದೆ ಅಂದನೋ. ಅವನ ಮುಖದ ಮೇಲೆ ಅವಳು ಹುಡುಕಿದಳು, ಅಲ್ಲಿ ದಣಿವು ಬಿಟ್ಟರೆ ಏನೂ ಸಿಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನು ಕಾಲರನ್ನು ಕೆಳಗಿಳಿಸಿಕೊಂಡ, ಇನ್ನು ಯಾರೂ ಇಲ್ಲವಲ್ಲ. ಅವಳು ಕೈ ಚಾಚಿ ಅವನ ಕುತ್ತಿಗೆಯ ಗಂಟಿನ ಮೇಲೆ ಅಂಗೈ ಇಟ್ಟಳು. ಗಟ್ಟಿಯಾಗಿತ್ತು, ಹೊಳೆಯ ಕಲ್ಲಿನ ಹಾಗೆ, ಅದರ ಪಕ್ಕದಲ್ಲೇ ನಾಡಿ ಬಡಿಯುತ್ತಿತ್ತು. ಅವನದಲ್ಲದ ಏನನ್ನೋ ಮುಟ್ಟುತ್ತೇನೆ ಅಂದುಕೊಂಡಿದ್ದಳು ಅವಳು. ಅದು ಬೆಚ್ಚಗಿತ್ತು, ಅವನ ಉಳಿದ ಮೈಯೆಲ್ಲ ಎಷ್ಟು ಬೆಚ್ಚಗಿತ್ತೋ ಅಷ್ಟೇ.